ಡಬ್ಬಿ ಬಿಯರ್ ಬಿಟ್ಟು ಕಾಳಿಗೆ ಬಂದು ಎರಡು ವರ್ಷ: ಹಿಟ್ಟಿನ ಮಿಲ್ ಒಂದು ಇಲ್ಲದಿದ್ದರೆ!

ಮೊದಲು ಬೈಗುಳ. ಎರಡು ವರ್ಷದಲ್ಲಿ ನಾನು ಮನೆಯಲ್ಲೇ ಮಾಡುವ ಬಿಯರ್ ಕೆಟ್ಟಿದ್ದು ಯೀಸ್ಟಿನಿಂದ ಅಲ್ಲ, ನೀರಿನಿಂದ ಅಲ್ಲ. ಬಾರ್ಲಿ ಕಾಳು ಒಡೆಸುವ ಕೆಲಸದಿಂದ. ಪಾತ್ರೆ, ಥರ್ಮಾಮೀಟರ್, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಬಗ್ಗೆ ಎಲ್ಲರೂ ಉದ್ದುದ್ದ ಹೇಳುತ್ತಾರೆ, ಇದೊಂದನ್ನು ಯಾರೂ ಹೇಳಿರಲಿಲ್ಲ.

ಮೂರು ವರ್ಷ ಕಿಟ್‌ನಲ್ಲೇ ಮಾಡಿದವನು ನಾನು. 1.7 ಕೆಜಿ ಡಬ್ಬಿ (ಒಳಗೆ ಬಾರ್ಲಿಯಿಂದ ತೆಗೆದ ಗಟ್ಟಿ ಸಿಹಿ ಪಾಕ), ಒಂದು ಕೆಜಿ ಸಕ್ಕರೆ, ನೀರು, ಯೀಸ್ಟ್. ಅರ್ಧ ಗಂಟೆಯಲ್ಲಿ ಕೆಲಸ ಮುಗಿದು 23 ಲೀಟರ್. ಸುಳ್ಳು ಯಾಕೆ ಹೇಳಲಿ, ಕುಡಿಯಲು ತೊಂದರೆ ಇರಲಿಲ್ಲ. ಆದರೆ ಯಾವ ಡಬ್ಬಿ ತಂದರೂ ಕೊನೆಯಲ್ಲಿ ನಾಲಿಗೆ ಮೇಲೆ ಹಳೇ ಬೆಲ್ಲದಂಥ ಒಂದೇ ರುಚಿ. ಹೊರದೇಶದ ಡಬ್ಬಿ, ನಮ್ಮ ಕೈಗೆ ಬರುವ ಹೊತ್ತಿಗೆ ಹಳತಾಗಿರುತ್ತೆ, ಬೆಲೆ ಮಾತ್ರ ಹೊಸದು.

ಕಾಳಿನಿಂದಲೇ ಮಾಡೋಣ ಅಂತ ಹೊರಟಾಗ, ಹೊಸ ಸೆಟ್‌ಗೆ ಐದು ಸಾವಿರ, ಮೇಲೆ ಒಂದು ರೂಪಾಯಿ ಇಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೆ. ಚಿಕ್ಕಪೇಟೆಯಲ್ಲಿ 35 ಲೀಟರಿನ ಅಲ್ಯೂಮಿನಿಯಂ ಪಾತ್ರೆ, ಅಡುಗೆ ಭಟ್ಟರು ಇಟ್ಟುಕೊಳ್ಳುವಂಥ ದೊಡ್ಡ ಒಲೆ, ತೆಳು ಪರದೆ ಬಟ್ಟೆಯಲ್ಲಿ ನಮ್ಮ ಬೀದಿ ಟೈಲರ್ ಹೊಲಿದುಕೊಟ್ಟ ಒಂದು ಚೀಲ. "ಇಷ್ಟು ದೊಡ್ಡ ದಿಂಬಾ ಸಾರ್?" ಅಂದರು. ಕಾಳನ್ನು ಚೀಲದಲ್ಲೇ ನೆನೆಸಿ ಆಮೇಲೆ ಚೀಲವನ್ನೇ ಎತ್ತಿಬಿಡುವುದರಿಂದ ಎರಡನೇ ಪಾತ್ರೆ, ನಲ್ಲಿ, ಪಂಪು ಏನೂ ಬೇಡ. ಚೀಲಕ್ಕೆ ಹತ್ತಕ್ಕೆ ಹತ್ತು. ಇವತ್ತಿಗೂ ಒಂದು ಹೊಲಿಗೆ ಬಿಚ್ಚಿಲ್ಲ.

ಈಗ ಮಿಲ್ ಕಥೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಒಡೆಯಬೇಕು, ಹಿಟ್ಟು ಮಾಡಬಾರದು. ಒಳಗಿನ ಕಾಳು ಎರಡು ಮೂರು ಚೂರಾಗಬೇಕು, ಮೇಲಿನ ಹೊಟ್ಟು ಆದಷ್ಟು ಇಡಿಯಾಗಿ ಉಳಿಯಬೇಕು. ಇದಕ್ಕೇ ಅಂತ ಎರಡು ರೋಲರಿನ ಮಿಲ್ ಸಿಗುತ್ತೆ. ಬೆಲೆ ಕೇಳಿದೆ, ಪಾತ್ರೆ, ಒಲೆ, ಚೀಲ ಮೂರೂ ಸೇರಿದರೂ ಸಾಲದು. ಸುಮ್ನೆ ವಾಪಸ್ ಬಂದು ಐದು ಕೆಜಿಯನ್ನು ಹಿಡಿ ಹಿಡಿಯಾಗಿ ಮಿಕ್ಸಿಗೆ ಹಾಕಿದೆ. ಮಿಕ್ಸಿಯಿಂದ ಸುಟ್ಟ ವಾಸನೆ ಬಂತು, ಅರ್ಧ ಕಾಳು ಹಾಗೇ ಉಳಿಯಿತು, ಹೈಡ್ರೋಮೀಟರ್ (ನೀರಿನಲ್ಲಿ ಎಷ್ಟು ಸಕ್ಕರೆ ಕರಗಿದೆ ಅಂತ ತೋರಿಸುವ ಕೊಳವೆ) 1.034 ದಾಟಲಿಲ್ಲ.

ಮುಂದಿನ ಸಲ ಮೂಲೆಯ ಹಿಟ್ಟಿನ ಮಿಲ್‌ಗೆ ಹೋದೆ.

"ಏನ್ ಸಾರ್ ಇದು?"

"ಮೊಳಕೆ ಬಾರ್ಲಿ ಅಣ್ಣ."

"ಮಗೂಗಾ?"

1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಬಿಯರ್ ತಯಾರಿಸಲು ಲೈಸೆನ್ಸ್ ಬೇಕು (ಶುರು ಮಾಡುವವರು ಇದನ್ನು ತಿಳಿದುಕೊಂಡೇ ಶುರು ಮಾಡಿ), ಹಿಂದೆ ನಾಲ್ಕು ಜನ ಹೆಂಗಸರು ರಾಗಿ ಹಿಡಿದು ನಿಂತಿದ್ದಾರೆ, ನನ್ನ ಬಾಯಿಂದ "ಹೂಂ" ಅಂತ ಬಂದುಬಿಟ್ಟಿತು. ಪಾಪ, ಆ ಮನುಷ್ಯ ಮಗು ಗಂಟಲಿಗೆ ಸಿಕ್ಕಬಾರದು ಅಂತ ಎರಡೆರಡು ಸಲ ಹಾಕಿ ಪೌಡರ್ ಥರ ನುಣ್ಣಗೆ ಬೀಸಿಕೊಟ್ಟರು. ದುಡ್ಡೂ ಕಮ್ಮಿ ತಗೊಂಡರು. ಮನೆಗೆ ಬಂದು ಬಿಸಿನೀರಿಗೆ ಸುರಿದರೆ ಅಂಬಲಿ! ಚೀಲ ಎತ್ತಿದರೆ ಒಂದು ಹನಿ ಇಳಿಯಲೊಲ್ಲದು. ಮುಕ್ಕಾಲು ಗಂಟೆ ನಾನೂ ನನ್ನ ಹೆಂಡತಿಯೂ ಆ ಕಡೆ ಈ ಕಡೆ ಹಿಡಿದು ಒದ್ದೆ ಕಂಬಳಿ ಹಿಂಡುವ ಹಾಗೆ ಹಿಂಡಿದೆವು. ಬಂದ ಬಿಯರ್ ಗಂಜಿ ತಿಳಿಯ ಹಾಗೆ ಮಬ್ಬು, ಮೇಲೆ ಹೊಟ್ಟಿನ ಒಗರು.

ಹಾಗಂತ ಡಬ್ಬಿಗೆ ವಾಪಸ್ ಹೋಗಲಿಲ್ಲ. ಕಾರಣ ಆ ಒಂದು ಗಂಟೆ. ಭಾನುವಾರ ಬೆಳಗ್ಗೆ ಆರಕ್ಕೆ ಟೆರೇಸ್ ಮೇಲೆ ಒಲೆ ಹಚ್ಚುತ್ತೇನೆ. ಕಾವೇರಿ ನೀರನ್ನು ಹಿಂದಿನ ರಾತ್ರಿಯೇ ಹಿಡಿದು ತೆರೆದಿಟ್ಟಿರುತ್ತೇನೆ, ಕ್ಲೋರಿನ್ ಉಳಿದರೆ ಬಿಯರ್‌ಗೆ ಆಸ್ಪತ್ರೆ ವಾಸನೆ ಬರುತ್ತೆ. ನೀರು 70 ಡಿಗ್ರಿಗೆ ಬಂದಾಗ ಒಲೆ ಆರಿಸಿ ಕಾಳು ಸುರಿದರೆ 66-67ಕ್ಕೆ ಇಳಿದು ನಿಲ್ಲುತ್ತೆ. ಮುಚ್ಚಳ ಹಾಕಿ, ಅಜ್ಜಿಯ ಹಳೇ ಕಂಬಳಿ ಸುತ್ತಿ, ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂರುತ್ತೇನೆ. ಟೆರೇಸ್ ಪೂರ್ತಿ ಹುರಿಹಿಟ್ಟಿನ ವಾಸನೆ. ಆಗಾಗ ಒಂದು ಚಮಚ ತೆಗೆದು ಆರಿಸಿ ನೆಕ್ಕುತ್ತೇನೆ. ಮೊದಲು ಬರೀ ಗಂಜಿ, ಆಮೇಲೆ ಸ್ವಲ್ಪ ಸಿಹಿ, ಗಂಟೆ ತುಂಬುವ ಹೊತ್ತಿಗೆ ಕಬ್ಬಿನ ಹಾಲು! ಒಂದು ಚಮಚ ಸಕ್ಕರೆ ಹಾಕಿಲ್ಲ, ಎಲ್ಲ ಕಾಳಿನೊಳಗಿನ ಎನ್ಜೈಮ್ ಪಿಷ್ಟವನ್ನು ಮುರಿದು ಮಾಡಿದ್ದು. ಮೆಡಿಕಲ್ ಶಾಪಿನ ಟಿಂಕ್ಚರ್ ಅಯೋಡಿನ್ ಒಂದು ತೊಟ್ಟು ತಟ್ಟೆಯಲ್ಲಿ ಹಾಕಿ ನೋಡುತ್ತೇನೆ. ಕಪ್ಪು ನೀಲಿ ಆಗದಿದ್ದರೆ ಪಿಷ್ಟ ಮುಗಿದಿದೆ ಅಂತ ಲೆಕ್ಕ. (ಆ ತಟ್ಟೆಯದನ್ನು ಚೆಲ್ಲಿಬಿಡಿ.) ಡಬ್ಬಿ ತೆರೆಯುವುದರಲ್ಲಿ ಇದೆಲ್ಲಿ ಸಿಗುತ್ತೆ?

ಆಮೇಲಿನದು ಬರೀ ಚಾಕರಿ. ಒಂದು ಗಂಟೆ ಹಾಪ್ಸ್ ಜೊತೆ ಕುದಿ, ತಣಿಸು, ತೊಳಿ, ಇನ್ನೂ ತೊಳಿ. ಇಡೀ ಆರು ಗಂಟೆ ಹೋಗುತ್ತೆ. ಏಪ್ರಿಲ್‌ನಲ್ಲಿ ಯೀಸ್ಟ್ ಹಾಕಿಟ್ಟ ಡ್ರಮ್ಮಿಗೆ ಒದ್ದೆ ಟವೆಲ್ ಸುತ್ತಿ ಫ್ಯಾನ್ ಬಿಡಬೇಕು. ಚೀಲದಲ್ಲಿ ಉಳಿದ ಕಾಳಿನ ಚರಟ ಹಾಲಿನವರ ಹಸುಗಳಿಗೆ. ಖರ್ಚು ಡಬ್ಬಿಯ ಅರ್ಧಕ್ಕಿಂತ ಕಮ್ಮಿ, ನನ್ನ ಭಾನುವಾರಕ್ಕೆ ಬೆಲೆ ಕಟ್ಟದಿದ್ದರೆ. ಚಿಕ್ಕ ಮಕ್ಕಳಿರುವವರಿಗೆ, ಟೆರೇಸ್ ಇಲ್ಲದವರಿಗೆ ಡಬ್ಬಿಯೇ ಸರಿ. ಕಾಳಿನ ಬಿಯರ್‌ಗೆ ನನ್ನಿಂದ ಐದಕ್ಕೆ ನಾಲ್ಕು. ಆ ಒಂದು ಯಾಕೆ ಕಳೆದೆ ಅಂತ ಗೊತ್ತಲ್ವಾ.

ಹೋದ ವರ್ಷ ಧೈರ್ಯ ಮಾಡಿ ಮಿಲ್‌ನವರಿಗೆ ನಿಜ ಹೇಳಿದೆ. ನಗಲೂ ಇಲ್ಲ. "ಹಂಗಾದ್ರೆ ಇಡ್ಲಿ ರವೆಗಿಂತ ದಪ್ಪ ಬೇಕು, ಮೊದಲೇ ಹೇಳಬಾರದಾ" ಅಂತ ಕಲ್ಲು ಸಡಿಲ ಮಾಡಿ ಒಂದು ಹಿಡಿ ಒಡೆದು ಅಂಗೈ ಮೇಲೆ ತೋರಿಸಿದರು. ಆ ಸಲ ಹೈಡ್ರೋಮೀಟರ್ 1.048, ಯೀಸ್ಟ್ ಸಕ್ಕರೆ ತಿಂದು ಮುಗಿಸಿದ ಮೇಲೆ ಇಳಿದು 1.010, ಅಂದರೆ ಹತ್ತಿರ ಹತ್ತಿರ 5% ಆಲ್ಕೋಹಾಲ್. ಈಗ ತಿರುಪಿನ ಪಕ್ಕ ಸೀಮೆಸುಣ್ಣದಲ್ಲಿ ನನ್ನ ಗೆರೆ ಹಾಕಿಟ್ಟಿದ್ದಾರೆ. ಚೀಲ ಹಿಡಿದು ಹೋದರೆ ಕೇಳುವುದು ಒಂದೇ.

"ಮಗೂಗಾ ಸಾರ್, ನಿಮಗಾ?"