ಸ್ಲೈಡ್ ಕಾರ್ಯಾಗಾರ: ಬೆಳಗ್ಗೆ ದುಡ್ಡಿಗೆ ಮೋಸವಿಲ್ಲ, ಮಧ್ಯಾಹ್ನ ಸುಮಾರು

ಬೆಂಗಳೂರಿನ ಜಯನಗರದಲ್ಲಿ ಶನಿವಾರ ನಡೆಯುವ ಪ್ರೆಸೆಂಟೇಶನ್ ಕಾರ್ಯಾಗಾರಕ್ಕೆ ಹೋಗಿದ್ದೆ. ಆಫೀಸಿನಲ್ಲಿ ಆಗಾಗ ಸ್ಲೈಡ್ ಹಾಕಿ ಮಾತಾಡಬೇಕಾದವರು ಧೈರ್ಯವಾಗಿ ಹೋಗಬಹುದು. ಕನ್ನಡದಲ್ಲಿ ಸ್ಲೈಡ್ ಮಾಡುವವರು ಮಾತ್ರ ಸ್ವಲ್ಪ ಯೋಚಿಸಿ.

ಬೆಳಗಿನ ಭಾಗ ನಿಜಕ್ಕೂ ಚೆನ್ನಾಗಿತ್ತು. ಹೇಳಿಕೊಡುವವರು ಸುಮ್ನೆ ಥಿಯರಿ ಕೊರೆಯಲಿಲ್ಲ, ಬಂದವರೊಬ್ಬರ ಪೆನ್‌ಡ್ರೈವ್‌ನಿಂದಲೇ ಫೈಲ್ ತೆರೆದು ರಿಪೇರಿಗೆ ಕೂತರು. ‘ಮಾಸಿಕ ಮಾರಾಟ ವಿವರ’ ಅಂತ ಹೆಡಿಂಗು, ಕೆಳಗೆ ಎಷ್ಟು ಕಣ್ಣು ಕಿರಿದು ಮಾಡಿದರೂ ಓದಲಾಗದ ಟೇಬಲ್ಲು, ಒಂದು ಮೂಲೆಯಲ್ಲಿ ಲೋಗೋ, ಇನ್ನೊಂದರಲ್ಲಿ ಕೈ ಕುಲುಕುವ ಚಿತ್ರ. ಇಂಥದ್ದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ‘ಇದರಿಂದ ನಿಮ್ಮ ಬಾಸ್‌ಗೆ ಏನು ಗೊತ್ತಾಗಬೇಕು?’ ಅಂತ ಕೇಳಿದರು. ಪಾಪ, ಫೈಲ್ ತಂದವರು ತಡವರಿಸಿ ‘ಯಶವಂತಪುರದ ಅಂಗಡಿ ಒಂದೇ ಕೆಳಗೆ ಹೋಗ್ತಿದೆ ಸಾರ್’ ಅಂದರು. ಆ ಮಾತೇ ಹೆಡಿಂಗ್ ಆಯ್ತು. ಟೇಬಲ್ ತೆಗೆದು ಬಾರ್ ಚಾರ್ಟ್ ಹಾಕಿ ಎಲ್ಲದಕ್ಕೂ ಬೂದು ಬಣ್ಣ, ಯಶವಂತಪುರಕ್ಕೆ ಮಾತ್ರ ಕೆಂಪು. ಟೇಬಲ್ ಬೇಕೇ ಬೇಕು ಅನ್ನುವವರಿಗೆ ಪ್ರಿಂಟ್ ತೆಗೆದು ಕೊಡಿ ಅಂದರು. ಕೊನೇ ಸಾಲಿನಲ್ಲಿದ್ದ ನನಗೂ ಒಂದೇ ನೋಟಕ್ಕೆ ವಿಷಯ ಗೊತ್ತಾಯ್ತು.

ಇನ್ನೊಂದು ಕೆಲಸಕ್ಕೆ ಬರುವ ಸಂಗತಿ: ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುವಾಗ ‘ಬಿ’ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಜನ ಗೋಡೆ ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ಈ ಸಾಫ್ಟ್‌ವೇರ್ ಬಂದಿದ್ದು 1987ರಲ್ಲಿ, ಆದರೂ ಅಲ್ಲಿದ್ದ ಅರ್ಧಕ್ಕರ್ಧ ಜನಕ್ಕೆ ಇದು ಹೊಸದು.

10 ಸ್ಲೈಡ್, 20 ನಿಮಿಷ, 30 ಪಾಯಿಂಟ್ ಗಾತ್ರದ ಅಕ್ಷರ ಅನ್ನುವ, ಅಮೆರಿಕದ ಬಂಡವಾಳ ಹೂಡಿಕೆದಾರ ಗೈ ಕವಾಸಾಕಿಯ ಸೂತ್ರವನ್ನು ಮಾತ್ರ ವೇದವಾಕ್ಯದ ಹಾಗೆ ಹೇಳಿದರು. ಅದು ಬಂಡವಾಳ ಕೇಳಲು ಹೋಗುವವರಿಗೆ ಹೇಳಿದ್ದು. ಒಂದು ಗಂಟೆ ಪಾಠ ಮಾಡುವ ಮೇಷ್ಟ್ರು 10 ಸ್ಲೈಡ್ ಇಟ್ಟುಕೊಂಡು ಏನು ಮಾಡಬೇಕು?

ಮಧ್ಯಾಹ್ನ ಎಲ್ಲರೂ ನಿಂತು ಮಾತಾಡಬೇಕಿತ್ತು. ಬ್ಯಾಚ್‌ನಲ್ಲಿ ಜನ ಜಾಸ್ತಿ. ಒಬ್ಬೊಬ್ಬರು ಬಾಯಿ ತೆರೆಯುವಷ್ಟರಲ್ಲಿ ‘ಗುಡ್, ಇನ್ನೂ ಸ್ವಲ್ಪ ಜೋರಾಗಿ, ನೆಕ್ಸ್ಟ್’. ಇಷ್ಟು ಫೀಸ್ ತಗೊಂಡು ಇದು ಸರಿಯಲ್ಲ.

ಕನ್ನಡ ಸ್ಲೈಡ್ ಬಗ್ಗೆ ಕೇಳಿದ್ದಕ್ಕೆ ‘ಎಲ್ಲಾ ಒಂದೇ’ ಅಂದುಬಿಟ್ಟರು. ಹೇಗೆ ಒಂದೇ ಆಗುತ್ತದೆ? ಇಂಗ್ಲಿಷಿನ ಹಾಗೆ ಸಾಲು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಬಳಸಿ, ಸಾಲುಗಳ ಮಧ್ಯೆ ಜಾಗ ಹೆಚ್ಚಿಸಿ, ಜೊತೆಗೊಂದು ಪಿಡಿಎಫ್ ಇಟ್ಟುಕೊಳ್ಳಿ. ಇಷ್ಟು ಹೇಳಲು ಐದು ನಿಮಿಷ ಸಾಕಿತ್ತು.

ಹೋಗುವುದಾದರೆ ನಿಮ್ಮದೇ ಫೈಲ್ ತಗೊಂಡು ಹೋಗಿ, ರಿಪೇರಿಗೆ ಯಾರದು ಅಂತ ಕೇಳಿದ ತಕ್ಷಣ ಕೈ ಎತ್ತಿ. ಕಾರ್ ಬೇಡ, ನಿಲ್ಲಿಸಲು ಜಾಗವಿಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಜಯನಗರ ಸ್ಟೇಷನ್‌ನಲ್ಲಿ ಇಳಿದು ನಡೆಯಬಹುದು.