ಇಡೀ ಟಿಕೆಟ್ಟಾ, ತುಂಡು ಟಿಕೆಟ್ಟಾ? ಬ್ರಿಸ್ಟಲ್–ಲಂಡನ್ ದಾರಿಯಲ್ಲಿ ಎಲ್ಲವನ್ನೂ ಕೊಂಡು ನೋಡಿದ ಮೇಲೆ

ಬ್ರಿಟನ್ನಿಗೆ ಬಂದ ಹೊಸದರಲ್ಲಿ ರೈಲು ಟಿಕೆಟ್ಟಿನ ದರ ನೋಡಿ ಹೌಹಾರದ ಕನ್ನಡಿಗರು ಕಡಿಮೆ. ಮ್ಯಾಂಚೆಸ್ಟರ್‌ನಿಂದ ಲಂಡನ್‌ಗೆ, ಯಾವ ಹೊತ್ತಿನ ರೈಲಿಗಾದರೂ ಹತ್ತಬಹುದಾದ ‘ಎನಿಟೈಮ್’ ಟಿಕೆಟ್ ಒಂದು ಕಡೆಗೇ 190 ಪೌಂಡ್ ದಾಟುತ್ತದೆ. ಎರಡು ಗಂಟೆ ಚಿಲ್ಲರೆ ದಾರಿಗೆ ಇಷ್ಟು. ಇಂಗ್ಲೆಂಡಿನಲ್ಲಿ ಸರ್ಕಾರದ ಹತೋಟಿಯಲ್ಲಿರುವ ದರಗಳೇ 2023ರ ಮಾರ್ಚ್‌ನಲ್ಲಿ ಶೇ. 5.9, 2024ರಲ್ಲಿ ಶೇ. 4.9, 2025ರಲ್ಲಿ ಶೇ. 4.6 ಏರಿದವು. 2026ಕ್ಕೆ ಏರಿಸುವುದಿಲ್ಲ ಎಂದು ಸರ್ಕಾರ ಹೇಳಿತು, ಅದೂ 30 ವರ್ಷಗಳಲ್ಲಿ ಮೊದಲ ಸಲ. ಏರಿಕೆ ನಿಂತಿದೆ ಅಷ್ಟೇ, ದರ ಇಳಿದಿಲ್ಲ.

ನಾನಿರುವುದು ಬ್ರಿಸ್ಟಲ್‌ನಲ್ಲಿ. ಕೆಲಸಕ್ಕೆ ಆಗಾಗ ಲಂಡನ್‌ಗೆ ಹೋಗಬೇಕು. ಕೆಲಸ ಬಿಟ್ಟರೂ ಹೋಗುವ ಕಾರಣಗಳಿವೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆ, ಬಸವ ಜಯಂತಿಗೆ ಕನ್ನಡದವರು ಅಲ್ಲಿ ಸೇರುತ್ತಾರೆ. ಊರಿಂದ ಅಪ್ಪ ಅಮ್ಮ ಬಂದರೆ ಲಂಡನ್ ತೋರಿಸದೆ ಕಳಿಸೋಕಾಗುತ್ತಾ? ಹಾಗಾಗಿ ಬ್ರಿಸ್ಟಲ್‌ನ ಟೆಂಪಲ್ ಮೀಡ್ಸ್ ಸ್ಟೇಷನ್‌ನಿಂದ ಲಂಡನ್ನಿನ ಪ್ಯಾಡಿಂಗ್‌ಟನ್ ಸ್ಟೇಷನ್‌ವರೆಗಿನ ಈ ಒಂದೇ ದಾರಿಯಲ್ಲಿ ಇಡೀ ಟಿಕೆಟ್, ಮುಂಗಡ ಟಿಕೆಟ್, ರೈಲ್‌ಕಾರ್ಡ್ (ವರ್ಷಕ್ಕಿಷ್ಟು ಕೊಟ್ಟು ಕೊಳ್ಳುವ ರಿಯಾಯಿತಿ ಕಾರ್ಡು) ಹಾಕಿದ ಟಿಕೆಟ್, ತುಂಡು ಮಾಡಿದ (ಅಂದರೆ ಒಂದೇ ಪ್ರಯಾಣಕ್ಕೆ ಎರಡಾಗಿ ಕೊಂಡ) ಟಿಕೆಟ್, ಕೊನೆಗೆ ಬಸ್ಸು, ಎಲ್ಲದರಲ್ಲೂ ಓಡಾಡಿ ನೋಡಿದ್ದೇನೆ. ರೈಲಾದರೆ ಸುಮಾರು ಒಂದು ಗಂಟೆ ನಲವತ್ತು ನಿಮಿಷದ ದಾರಿ.

ಎನಿಟೈಮ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಬೆಳಗಿನ ಹೊತ್ತು ಯಾವ ರೈಲು ಸಿಕ್ಕರೂ ಹತ್ತಬಹುದು, ನಿಮಗೆ ತಲೆನೋವಿಲ್ಲ. ಆದರೆ ದುಡ್ಡು ಆಫೀಸಿನದ್ದಾದರೆ ಮಾತ್ರ ತೆಗೆದುಕೊಳ್ಳಿ. ಸ್ವಂತ ಜೇಬಿನಿಂದ ಬೇಡವೇ ಬೇಡ.

‘ಅಡ್ವಾನ್ಸ್’ ಟಿಕೆಟ್ ಇದಕ್ಕೆ ಪೂರ್ತಿ ಉಲ್ಟಾ. ದಿನ, ಹೊತ್ತು, ರೈಲು ಎಲ್ಲಾ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬೇಗ ಬುಕ್ ಮಾಡಿದಷ್ಟೂ ಅಗ್ಗ, ಅಗ್ಗದ ಸೀಟು ಖಾಲಿಯಾದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಾರದ ನಡುವೆ, ಮಧ್ಯಾಹ್ನದ ರೈಲಾದರೆ ಎಷ್ಟೋ ಸಲ ಇದೇ ಗೆದ್ದಿದೆ. ಆದರೆ ರೈಲು ತಪ್ಪಿತೋ, ಟಿಕೆಟ್ ಹೋಯಿತು. ಹೊರಡುವ ಮುಂಚೆ ಶುಲ್ಕ ಕಟ್ಟಿ ಬೇರೆ ರೈಲಿಗೆ ಬದಲಿಸಬಹುದು, ದುಡ್ಡು ಮಾತ್ರ ವಾಪಸ್ ಬರುವುದಿಲ್ಲ. ಇನ್ನೊಂದು ವಿಚಾರ ನಮ್ಮವರಿಗೆ ವಿಚಿತ್ರ ಅನ್ನಿಸುತ್ತದೆ. ಈ ಟಿಕೆಟ್ಟಿನಲ್ಲಿ ನಡುವೆ ಇಳಿಯುವಂತಿಲ್ಲ. ಲಂಡನ್‌ವರೆಗೆ ದುಡ್ಡು ಕೊಟ್ಟಿದ್ದೇನೆ, ರೆಡಿಂಗ್‌ನಲ್ಲಿ ಗೆಳೆಯನ ಮನೆಗೆ ಇಳಿದರೆ ಯಾರಿಗೇನು ನಷ್ಟ ಅಂತ ಕೇಳಬಹುದು. ನಿಯಮ ಒಪ್ಪುವುದಿಲ್ಲ. ಹಾಗೆ ಇಳಿಯಬೇಕಿದ್ದರೆ ‘ಆಫ್ ಪೀಕ್’ ತೆಗೆದುಕೊಳ್ಳಬೇಕು. ಅದರಲ್ಲಿ ಸಾಮಾನ್ಯವಾಗಿ ನಡುವೆ ಇಳಿದು, ಕೆಲಸ ಮುಗಿಸಿ, ಮುಂದಿನ ರೈಲು ಹತ್ತಬಹುದು. ದಟ್ಟಣೆಯ ಹೊತ್ತು ಬಿಟ್ಟು ಹೋಗಬೇಕು ಅಷ್ಟೆ.

ಈಗ ತುಂಡು ಟಿಕೆಟ್. ಒಂದೇ ರೈಲು, ಒಂದೇ ಸೀಟು. ಆದರೆ ಬ್ರಿಸ್ಟಲ್‌ನಿಂದ ನಡುದಾರಿಯ ಡಿಡ್‌ಕಾಟ್ ಸ್ಟೇಷನ್‌ಗೆ ಒಂದು ಟಿಕೆಟ್, ಡಿಡ್‌ಕಾಟ್‌ನಿಂದ ಪ್ಯಾಡಿಂಗ್‌ಟನ್‌ಗೆ ಇನ್ನೊಂದು. ಬೆಳಗಿನ ರೈಲಿಗೆ ಹೀಗೆ ಕೊಂಡಾಗ ಇಡೀ ಎನಿಟೈಮ್‌ಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಉಳಿಯಿತು. ಡಿಡ್‌ಕಾಟ್ ಬಂದಾಗ ನಾನು ಕೂತ ಜಾಗದಿಂದ ಏಳಲೂ ಇಲ್ಲ. ಟಿಕೆಟ್ ನೋಡಲು ಬಂದವರು ಮೊಬೈಲಿನಲ್ಲಿ ಎರಡೂ ಕೋಡ್ ಸ್ಕ್ಯಾನ್ ಮಾಡಿ, ಥ್ಯಾಂಕ್ಸ್ ಹೇಳಿ ಮುಂದೆ ಹೋದರು.

ನಮ್ಮ ಕಡೆ ರೈಲಿನಲ್ಲಿ ಓಡಾಡಿದವರಿಗೆ ಇದು ತಲೆಗೆ ಹತ್ತುವುದೇ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದೇ ಟಿಕೆಟ್ ಕೊಂಡರೆ ಅಗ್ಗ, ಅರಸೀಕೆರೆಯಲ್ಲಿ ಎರಡು ಮಾಡಿದರೆ ದುಬಾರಿ. ಭಾರತದಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರ್ ದರ ಇಳಿಯುತ್ತಾ ಹೋಗುತ್ತದೆ. ತುಂಡು ಮಾಡಿದರೆ ರಿಸರ್ವೇಶನ್ ಶುಲ್ಕವೂ ಎರಡು ಸಲ. ಸ್ಲೀಪರ್‌ಗೆ ಕನಿಷ್ಠ 200 ಕಿ.ಮೀ. ಲೆಕ್ಕ ಬೇರೆ. ಇಡಿಯಾಗಿ ಕೊಂಡರೆ ಲಾಭ ಅನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ.

ಬ್ರಿಟನ್ನಿನಲ್ಲಿ ದರಕ್ಕೂ ಕಿಲೋಮೀಟರಿಗೂ ನೇರ ಸಂಬಂಧ ಇಲ್ಲ. ಪ್ರತಿ ಎರಡು ಸ್ಟೇಷನ್‌ಗಳ ನಡುವಿನ ದರವನ್ನು ಆ ಭಾಗದ ಯಾವುದೋ ಒಂದು ಕಂಪನಿ ಬೇರೆ ಬೇರೆಯಾಗಿ ಇಟ್ಟಿರುತ್ತದೆ. 1993ರ ರೈಲ್ವೇ ಕಾಯ್ದೆಯಿಂದ ಖಾಸಗೀಕರಣ ಆದ ಮೇಲೆ ಇದರ ಮೇಲೆ ಪದರಪದರವಾಗಿ ನಿಯಮ ಬಿದ್ದವು. ರೈಲು ಕಂಪನಿಗಳ ಒಕ್ಕೂಟವೇ 2018ರಲ್ಲಿ ಲೆಕ್ಕ ಕೊಟ್ಟಿತ್ತು: ದೇಶದಲ್ಲಿರುವ ಬೇರೆ ಬೇರೆ ದರಗಳು ಸುಮಾರು 5.5 ಕೋಟಿ! ದೂರದ ಊರುಗಳ ಎನಿಟೈಮ್ ದರಕ್ಕೆ ಸರ್ಕಾರದ ಕಡಿವಾಣ ಇಲ್ಲ, ಲಂಡನ್ನಿನ ಸುತ್ತ ದಿನವೂ ಓಡಾಡುವವರ ದರಕ್ಕೆ ಇದೆ. ಡಿಡ್‌ಕಾಟ್ ಈ ಎರಡು ಲೋಕಗಳ ಗಡಿಯಲ್ಲಿ ಕೂತಿದೆ. ಆದ್ದರಿಂದಲೇ ಅಲ್ಲಿ ಕತ್ತರಿಸಿದರೆ ದುಡ್ಡು ಉಳಿಯುತ್ತದೆ. ಈ ದಾರಿಯಲ್ಲಿ ಸದಾ ಓಡಾಡುವವರಲ್ಲಿ ಡಿಡ್‌ಕಾಟ್ ಹೆಸರು ಕೇಳದವರಿಲ್ಲ.

ಇದು ಕಳ್ಳದಾರಿ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ರೈಲು ಪ್ರಯಾಣದ ಅಧಿಕೃತ ನಿಯಮಾವಳಿಯ 14ನೇ ನಿಯಮವೇ ಒಂದು ಪ್ರಯಾಣಕ್ಕೆ ಎರಡು ಅಥವಾ ಹೆಚ್ಚು ಟಿಕೆಟ್ ಸೇರಿಸಿಕೊಳ್ಳಬಹುದು ಅನ್ನುತ್ತದೆ. ಷರತ್ತು ಒಂದು: ಯಾವ ಸ್ಟೇಷನ್‌ನಲ್ಲಿ ಟಿಕೆಟ್ ಬದಲಾಗುತ್ತದೋ ಅಲ್ಲಿ ನಿಮ್ಮ ರೈಲು ನಿಲ್ಲಬೇಕು. ನೀವು ಇಳಿಯಬೇಕಿಲ್ಲ, ರೈಲು ನಿಂತರೆ ಸಾಕು.

ಗೋಜಲು ಶುರುವಾಗುವುದೇ ಇಲ್ಲಿಂದ. ಬ್ರಿಸ್ಟಲ್–ಲಂಡನ್ ರೈಲುಗಳಲ್ಲಿ ಕೆಲವು ಡಿಡ್‌ಕಾಟ್‌ನಲ್ಲಿ ನಿಲ್ಲುತ್ತವೆ, ಕೆಲವು ಸ್ವಿಂಡನ್ ಬಿಟ್ಟರೆ ಸೀದಾ ರೆಡಿಂಗ್‌ಗೆ ಹೋಗುತ್ತವೆ. ನನಗೆ ಪರಿಚಯದ ಕನ್ನಡದ ಹುಡುಗ, ಇಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ, ಡಿಡ್‌ಕಾಟ್ ತುಂಡು ಟಿಕೆಟ್ ಹಿಡಿದು ಅಲ್ಲಿ ನಿಲ್ಲದ ರೈಲು ಹತ್ತಿದ. ಎರಡೂ ಟಿಕೆಟ್ಟಿಗೆ ಪೂರ್ತಿ ದುಡ್ಡು ಕೊಟ್ಟಿದ್ದ. ಆದರೂ ಆ ರೈಲಿಗೆ ಅವು ಲೆಕ್ಕಕ್ಕಿಲ್ಲ, ಹೊಸ ಟಿಕೆಟ್ ಕೊಳ್ಳಬೇಕಾಯಿತು. ತಿಂಗಳ ಖರ್ಚನ್ನು ಪೌಂಡ್ ಪೌಂಡ್ ಎಣಿಸಿ ನಡೆಸುವ ಹುಡುಗನಿಗೆ ಅದು ಎಷ್ಟು ಭಾರ ಅಂತ ನನಗೆ ಗೊತ್ತು. ಅವನು ಯಾರಿಗೂ ಮೋಸ ಮಾಡಿರಲಿಲ್ಲ. ಕೂತ ಸೀಟಿಗೆ ದುಡ್ಡು ಕೊಟ್ಟಿದ್ದ. ರೈಲು ನಡುವೆ ಒಂದು ನಿಮಿಷ ನಿಲ್ಲಲಿಲ್ಲ ಅನ್ನುವುದಕ್ಕೆ ದಂಡ ತೆರುವುದು ನ್ಯಾಯವೇ? ನನಗಂತೂ ಒಪ್ಪಿಗೆ ಇಲ್ಲ.

ಅವನದ್ದು ಹೊಸ ಟಿಕೆಟ್ಟಿನಲ್ಲಿ ಮುಗಿಯಿತು. ಆದರೆ ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ದಂಡ 100 ಪೌಂಡ್, ಅದರ ಮೇಲೆ ಟಿಕೆಟ್ ದರ. 21 ದಿನದೊಳಗೆ ಕಟ್ಟಿದರೆ ದಂಡ ಅರ್ಧ. 1889ರಷ್ಟು ಹಳೆಯ ರೈಲ್ವೇ ಕಾಯ್ದೆಯಡಿ ಕೋರ್ಟಿಗೆ ಎಳೆಯುವುದೂ ಇನ್ನೂ ನಡೆದಿದೆ. 2025ರ ಜೂನ್‌ನಲ್ಲಿ ಬಂದ ರೈಲ್ವೇ ನಿಯಂತ್ರಣ ಸಂಸ್ಥೆ ‘ಆಫೀಸ್ ಆಫ್ ರೈಲ್ ಅಂಡ್ ರೋಡ್’ ವರದಿ ಕೂಡ ಟಿಕೆಟ್ ನಿಯಮಗಳು ಜಟಿಲ, ಜನರನ್ನು ಎಲ್ಲ ಕಡೆ ಒಂದೇ ರೀತಿ ನಡೆಸಿಕೊಳ್ಳುತ್ತಿಲ್ಲ ಎಂದೇ ಹೇಳಿತು. ನಿಯಮ ಅರ್ಥವಾಗದಿದ್ದರೆ ಅದು ಬರೆದವರ ಹೊಣೆ. ಪ್ಲಾಟ್‌ಫಾರ್ಮ್‌ನಲ್ಲಿ ಓಡುತ್ತಿರುವವರ ತಲೆಗೆ ಕಟ್ಟುವಂಥದ್ದಲ್ಲ.

ತುಂಡು ಟಿಕೆಟ್ ಹುಡುಕುವುದರಲ್ಲೂ ಎರಡು ದಾರಿ. ಟ್ರೈನ್‌ಲೈನ್, ಟ್ರೈನ್‌ಸ್ಪ್ಲಿಟ್‌ನಂಥ ಆಪ್‌ಗಳು ತಾವೇ ಲೆಕ್ಕ ಹಾಕಿ ತೋರಿಸುತ್ತವೆ. ಆ ರೈಲು ಅಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನೂ ಅವೇ ನೋಡಿಕೊಳ್ಳುತ್ತವೆ. ಅದಕ್ಕೆ ಬುಕಿಂಗ್ ಶುಲ್ಕವೋ, ಉಳಿದ ದುಡ್ಡಿನಲ್ಲಿ ಪಾಲೋ ಇರುತ್ತದೆ. ಪಾಲು ಕೊಟ್ಟರೂ ಹೊಸಬರಿಗೆ ಇದೇ ಒಳ್ಳೆಯದು. ಕೈಯಿಂದ ಮಾಡಿದರೆ ಪಾಲು ಉಳಿಯುತ್ತದೆ: ರೈಲು ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ, ಚಿಪ್ಪನ್‌ಹ್ಯಾಮ್, ಸ್ವಿಂಡನ್, ಡಿಡ್‌ಕಾಟ್, ರೆಡಿಂಗ್ ಒಂದೊಂದರಲ್ಲೂ ಕತ್ತರಿಸಿ ದರ ಕೂಡಿಸಬೇಕು. ಈಗ ನಾನು ಆಪ್‌ನಲ್ಲಿ ಎಲ್ಲಿ ಕತ್ತರಿಸಿದೆ ಅಂತ ನೋಡಿಕೊಂಡು, ಅದೇ ಎರಡು ಟಿಕೆಟ್ಟನ್ನು ಶುಲ್ಕ ಇಲ್ಲದ ರೈಲು ಕಂಪನಿಯ ಸೈಟಿನಲ್ಲಿ ಕೊಳ್ಳುತ್ತೇನೆ. ಆದರೆ ಎರಡು ಬೇರೆ ಬುಕಿಂಗ್ ಆದರೆ ಸೀಟೂ ಎರಡು ಆಗಬಹುದು. ಈ ದಾರಿಯ ರೈಲುಗಳಲ್ಲಿ ಪ್ರತಿ ಸೀಟಿನ ಮೇಲೆ ಸಣ್ಣ ದೀಪ ಇರುತ್ತದೆ. ಹಸಿರು ಅಂದರೆ ಖಾಲಿ, ಕೆಂಪು ಅಂದರೆ ಬುಕ್ ಆಗಿದೆ, ಹಳದಿ ಅಂದರೆ ಮುಂದೆ ಯಾವುದೋ ಸ್ಟೇಷನ್‌ನಿಂದ ಬುಕ್ ಆಗಿದೆ. ಡಿಡ್‌ಕಾಟ್‌ನಲ್ಲಿ ಜನ ನುಗ್ಗುವಾಗ ಲ್ಯಾಪ್‌ಟಾಪ್ ಮುಚ್ಚಿ, ಚೀಲ ಎತ್ತಿ, ಇನ್ನೊಂದು ಬೋಗಿಯ ಸೀಟು ಹುಡುಕುವುದು ಸುಖವಲ್ಲ. ಸಾಧ್ಯವಾದರೆ ಎರಡಕ್ಕೂ ಒಂದೇ ಸೀಟು ಕೇಳಿ ಪಡೆಯಿರಿ.

ಇನ್ನೊಂದು ಆಸೆ ಎಲ್ಲರಿಗೂ ಬರುತ್ತದೆ. ರೆಡಿಂಗ್‌ವರೆಗೆ ಟಿಕೆಟ್ ಕೊಂಡು, ಅಲ್ಲಿಂದ ಲಂಡನ್‌ಗೆ ಬ್ಯಾಂಕ್ ಕಾರ್ಡ್ ತಟ್ಟಿ ಹೋದರೆ? ಆಗುತ್ತದೆ, ಆದರೆ ಇಳಿಯಲೇಬೇಕು. ಕಾರ್ಡ್ ರೆಡಿಂಗ್‌ನ ಯಂತ್ರಕ್ಕೆ ತಾಗಿಸದೆ ರೈಲಿನಲ್ಲೇ ಕೂತಿದ್ದರೆ ಮುಂದಿನ ದಾರಿಗೆ ನಿಮ್ಮ ಹತ್ತಿರ ಟಿಕೆಟ್ ಇಲ್ಲವೆಂದೇ ಲೆಕ್ಕ.

ರೈಲು ತಡವಾದರೆ ತುಂಡು ಟಿಕೆಟ್ಟಿನವರಿಗೆ ಪರಿಹಾರ ಸಿಗುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ಬಹುಪಾಲು ಕಂಪನಿಗಳಲ್ಲಿ 15 ನಿಮಿಷ ದಾಟಿದರೆ ಒಂದು ಕಡೆಯ ದರದ ಕಾಲು ಭಾಗ, 30 ನಿಮಿಷಕ್ಕೆ ಅರ್ಧ, ಒಂದು ಗಂಟೆಗೆ ಪೂರ್ತಿ. ತುಂಡು ಟಿಕೆಟ್ ಇದ್ದರೂ ಲೆಕ್ಕ ಇಡೀ ಪ್ರಯಾಣದ್ದೇ. ಒಮ್ಮೆ ಉತ್ತರದ ಕಡೆ ಹೋದಾಗ ನಾನು ಎರಡೂ ಟಿಕೆಟ್ ಲಗತ್ತಿಸಿ ಅರ್ಜಿ ಹಾಕಿದೆ. ಮೊದಲು ಒಂದು ತುಂಡಿಗೆ ಮಾತ್ರ ಕೊಟ್ಟರು. ಇದು ಒಂದೇ ಪ್ರಯಾಣ ಅಂತ ಮತ್ತೆ ಬರೆದ ಮೇಲೆ ಉಳಿದದ್ದೂ ಬಂತು. ಮೊದಲ ಉತ್ತರಕ್ಕೆ ಸುಮ್ನೆ ಬಿಟ್ಟುಬಿಡಬೇಡಿ.

ಬಸ್ಸಿನ ಮಾತು ಬೇರೆ. ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್ ಎರಡೂ ಬ್ರಿಸ್ಟಲ್–ಲಂಡನ್ ಓಡಿಸುತ್ತವೆ. ಎರಡೂವರೆಯಿಂದ ಮೂರು ಗಂಟೆ, ಎಂ4 ಹೆದ್ದಾರಿ ಜಾಮ್ ಆದರೆ ಇನ್ನೂ ಜಾಸ್ತಿ. ದುಡ್ಡಿನ ಲೆಕ್ಕದಲ್ಲಿ ತುಂಡು ಟಿಕೆಟ್ಟೂ ಇದರ ಹತ್ತಿರ ಬರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇದ್ದರೆ ನಾನು ಬಸ್ ನಂಬುವುದಿಲ್ಲ, ವಾರಾಂತ್ಯಕ್ಕೆ ಧಾರಾಳವಾಗಿ ನಂಬುತ್ತೇನೆ. ಬೆಂಗಳೂರಿನಿಂದ ಬಂದು ಹೀಥ್ರೂನಲ್ಲಿ ಇಳಿದವರಿಗಂತೂ ಬಸ್ಸೇ ಸರಿ. ವಿಮಾನ ನಿಲ್ದಾಣದಿಂದಲೇ ನೇರ ಬ್ರಿಸ್ಟಲ್‌ಗೆ ನ್ಯಾಷನಲ್ ಎಕ್ಸ್‌ಪ್ರೆಸ್ ಇದೆ. ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ 23 ಕೆ.ಜಿ.ಯ ಎರಡೆರಡು ಸೂಟ್‌ಕೇಸ್ ಡಿಕ್ಕಿಗೆ ಹಾಕಿ ಕೂತರೆ ಮುಗಿಯಿತು. ರೈಲಾದರೆ ಲಂಡನ್ ಒಳಗೆ ಹೋಗಿ ಬದಲಿಸಬೇಕು, ಇಲ್ಲವೇ ಬಸ್ಸಿನಲ್ಲಿ ರೆಡಿಂಗ್‌ಗೆ ಬಂದು ರೈಲು ಹಿಡಿಯಬೇಕು.

ರೈಲ್‌ಕಾರ್ಡನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ತುಂಡು ಟಿಕೆಟ್ಟಿನ ಜೊತೆ ಸೇರಿದಾಗಲೇ ಅದರ ತಂಟೆ ಕಾಣುವುದು. ವರ್ಷಕ್ಕೆ 35 ಪೌಂಡ್, 2025ರ ಮಾರ್ಚ್‌ವರೆಗೆ 30 ಇತ್ತು. ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿತ. ಒಂದೆರಡು ದೂರದ ಪ್ರಯಾಣದಲ್ಲೇ ಅಸಲು ಬರುತ್ತದೆ. ಆದರೆ ವಿದ್ಯಾರ್ಥಿಗಳು ಬಳಸುವ 16–25 ಕಾರ್ಡಿಗೆ ವಾರದ ದಿನ ಬೆಳಿಗ್ಗೆ 4.30ರಿಂದ 10ರವರೆಗೆ ಕನಿಷ್ಠ ದರ 12 ಪೌಂಡ್ ಇದೆ. ಜುಲೈ, ಆಗಸ್ಟ್‌ನಲ್ಲಿ ಮತ್ತು ಅಡ್ವಾನ್ಸ್ ಟಿಕೆಟ್ಟಿಗೆ ಇದು ಇಲ್ಲ. ಈ 12 ಪೌಂಡ್ ಪ್ರತಿ ಟಿಕೆಟ್ಟಿಗೂ ಅನ್ವಯ. ಬೆಳಗಿನ ಪ್ರಯಾಣವನ್ನು ಸಣ್ಣ ಸಣ್ಣ ತುಂಡು ಮಾಡಿದರೆ ಕಡಿತ ಆವಿಯಾಗಿಹೋಗುತ್ತದೆ.

ಅಪ್ಪ ಅಮ್ಮ ಬಂದಾಗ ಯಾವ ಕಾರ್ಡು? 60 ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಸಿಗುತ್ತದೆ. ಇಲ್ಲಿನ ನಿವಾಸಿಗಳೇ ಆಗಬೇಕೆಂದಿಲ್ಲ, ವಯಸ್ಸಿಗೆ ಪಾಸ್‌ಪೋರ್ಟ್ ಸಾಕು. ಆದರೆ ಅದು ಒಬ್ಬೊಬ್ಬರಿಗೆ ಒಂದು. ಇಬ್ಬರೂ ಸದಾ ಜೊತೆಯಲ್ಲೇ ಓಡಾಡುವುದಾದರೆ ‘ಟೂ ಟುಗೆದರ್’ ಒಂದೇ ಕಾರ್ಡಿನಲ್ಲಿ ಆಗುತ್ತದೆ, ವಾರದ ದಿನ ಬೆಳಿಗ್ಗೆ 9.30ರ ನಂತರ. ಐದರಿಂದ ಹದಿನೈದು ವರ್ಷದ ಮಗು ಜೊತೆಗಿದ್ದರೆ ‘ಫ್ಯಾಮಿಲಿ ಅಂಡ್ ಫ್ರೆಂಡ್ಸ್’ ಎಲ್ಲಕ್ಕಿಂತ ವಾಸಿ. ದೊಡ್ಡವರು ನಾಲ್ವರವರೆಗೆ ಮೂರನೇ ಒಂದು ಭಾಗ ಕಡಿತ, ಮಕ್ಕಳಿಗೆ ಶೇ. 60. ಒಂದು ಎಚ್ಚರ ಮಾತ್ರ ಇರಲಿ. ಸೀನಿಯರ್, ಫ್ಯಾಮಿಲಿ ಎರಡೂ ಕಾರ್ಡುಗಳು ಪೂರ್ತಿ ಲಂಡನ್ ಸುತ್ತಲಿನ ವಲಯದೊಳಗೇ ಇರುವ ಪ್ರಯಾಣಕ್ಕೆ ವಾರದ ದಿನದ ಬೆಳಗಿನ ದಟ್ಟಣೆಯಲ್ಲಿ ನಡೆಯುವುದಿಲ್ಲ. ಬ್ರಿಸ್ಟಲ್–ಪ್ಯಾಡಿಂಗ್‌ಟನ್ ಇಡೀ ಟಿಕೆಟ್ ಆ ವಲಯದ ಹೊರಗಿನದ್ದು, ತೊಂದರೆ ಇಲ್ಲ. ಡಿಡ್‌ಕಾಟ್–ಪ್ಯಾಡಿಂಗ್‌ಟನ್ ತುಂಡು ಪೂರ್ತಿ ಅದರೊಳಗೇ ಬೀಳುತ್ತದೆ. ಅದಕ್ಕೇ ಹಿರಿಯರ ಜೊತೆ ಹೊರಟಾಗ ನಾನು ಹತ್ತು ಗಂಟೆಯ ಮೇಲಿನ ರೈಲು ನೋಡಿ, ಇಡೀ ಅಡ್ವಾನ್ಸ್ ಟಿಕೆಟ್ಟಿಗೆ ಕಾರ್ಡ್ ಹಾಕಿ, ಎಲ್ಲರಿಗೂ ಒಂದೇ ಟೇಬಲ್ಲಿನ ಸುತ್ತ ಸೀಟು ಬುಕ್ ಮಾಡುತ್ತೇನೆ.