1,500 ರೂಪಾಯಿಗೆ 'ಎಲ್ಲಾ ಸ್ಪೋರ್ಟ್ಸ್' ಐಪಿಟಿವಿ: ದಯವಿಟ್ಟು ತಗೋಬೇಡಿ

2025ರ ಐಪಿಎಲ್ ಶುರುವಾಗುವ ಹೊತ್ತಿಗೆ ನಮ್ಮೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಈ ಐಪಿಟಿವಿ (ಇಂಟರ್ನೆಟ್ ಮೂಲಕ ಟಿವಿ ಚಾನೆಲ್ ತೋರಿಸುವ ಆಪ್) ಹಾಕಿಸಿಕೊಂಡೆ. ವರ್ಷಕ್ಕೆ 1,500 ರೂಪಾಯಿ. ಐಪಿಎಲ್, ಫುಟ್‌ಬಾಲ್‌ನ ಪ್ರೀಮಿಯರ್ ಲೀಗ್, ಚಾಂಪಿಯನ್ಸ್ ಲೀಗ್, ಎಫ್1 ಕಾರ್ ರೇಸ್, ಎಲ್ಲಾ ಒಂದೇ ಆಪ್‌ನಲ್ಲಿ ಬರುತ್ತೆ ಅಂದರು. ಬಿಲ್ ಇಲ್ಲ. ವಾಟ್ಸಾಪ್‌ನಲ್ಲಿ ಒಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆಪ್), ಒಂದು ಯೂಸರ್ ನೇಮ್, ಪಾಸ್‌ವರ್ಡ್ ಕಳಿಸಿದರು, ಅಷ್ಟೇ. ಕದ್ದ ಲೈನ್ ಅಂತ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ತಗೊಂಡಿದ್ದು ನನ್ನ ತಪ್ಪು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ವಾರ ಚೆನ್ನಾಗಿಯೇ ಇತ್ತು. ಆಮೇಲೆ ಒಂದೊಂದೇ ಕಾಣಿಸತೊಡಗಿತು. ಚಾನೆಲ್ ಲೋಗೋ ಇರುವ ಕಡೆ ಮಸುಕು ಪಟ್ಟಿ. ಸ್ಕೋರ್ ಕಾಣುವ ಜಾಗದ ಮೇಲೇ ಬೆಟ್ಟಿಂಗ್ ಸೈಟ್‌ನ ಜಾಹೀರಾತು, ಅದರಲ್ಲಿ ಒಂದು ವಾಟ್ಸಾಪ್ ನಂಬರ್. ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗ ಇದ್ದಾನೆ, ಅವನು ದಿನಕ್ಕೆ ಮೂರು ಗಂಟೆ ಅದನ್ನೇ ನೋಡುತ್ತಾ ಕೂತಿರುತ್ತಿದ್ದ. ಲಿಸ್ಟ್‌ನಲ್ಲಿ 'ಕನ್ನಡ' ಅಂತ ಹೆಸರಿತ್ತು, ಒತ್ತಿದರೆ ಹಿಂದಿ ಬರುತ್ತಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ 'ಅಣ್ಣ, ಸರ್ವರ್ ಅಪ್‌ಡೇಟ್ ಆಗ್ತಿದೆ' ಅನ್ನೋರು.

ಜೂನ್ 3, ಅಹಮದಾಬಾದ್, ಫೈನಲ್. ಪಂಜಾಬ್ ವಿರುದ್ಧ ಆರ್‌ಸಿಬಿ 190 ಹೊಡೆದಿತ್ತು. ಅಪ್ಪ 2008ರಿಂದ ಒಂದು ಸೀಸನ್ ಬಿಡದೆ ನೋಡಿದವರು, ಅವತ್ತು ರಾತ್ರಿ ಊಟಾನೂ ಟಿವಿ ಮುಂದೆಯೇ. 17ನೇ ಓವರ್, ಭುವನೇಶ್ವರ್ ಕುಮಾರ್ ಓಡಿ ಬರುತ್ತಿದ್ದಾರೆ, ಚಿತ್ರ ನಿಂತಿತು. ನಡುವೆ ಬಿಳಿ ಚಕ್ರ ತಿರುಗುತ್ತಿದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಬಂತು. ವಿಕೆಟ್ ಬಿತ್ತು ಅಂತ ಗೋಡೆಯಾಚೆಯಿಂದ ಗೊತ್ತಾಯಿತು, ಯಾರದ್ದು ಅಂತ ಗೊತ್ತಿಲ್ಲ. ಆಪ್ ಮುಚ್ಚಿ ತೆಗೆದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ, ಇನ್ನೊಂದು ಲಿಂಕ್ ಹಾಕಿದೆ, ಅಷ್ಟೊತ್ತಿಗೆ ಮತ್ತೊಂದು ಕೂಗು. ಪಂಜಾಬ್‌ನ ವಧೇರಾ ಮತ್ತು ಸ್ಟೋಯ್ನಿಸ್, ಇಬ್ಬರ ವಿಕೆಟ್ಟೂ ನಮಗೆ ತಪ್ಪಿತು. ಅಪ್ಪ ಒಂದು ಮಾತೂ ಆಡಲಿಲ್ಲ, ಎದ್ದು ಚಪ್ಪಲಿ ಕೂಡ ಹಾಕದೆ ಪಕ್ಕದ ಮನೆಗೆ ನಡೆದರು. ಹಿಂದೆಯೇ ನಾವೆಲ್ಲ. ಹೇಜಲ್‌ವುಡ್‌ನ ಕೊನೆ ಓವರ್, ಕೊಹ್ಲಿ ಕಣ್ಣೀರು, 6 ರನ್ ಗೆಲುವು, ಎಲ್ಲಾ ಅವರ ಮನೆಯ ಬಾಗಿಲಲ್ಲಿ ನಿಂತು ನೋಡಿದ್ದು. ಅವರ ಮನೆಯಲ್ಲಿ ಕನ್ನಡ ಕಾಮೆಂಟರಿ ಓಡುತ್ತಿತ್ತು.

ಯಾಕೆ ಹೀಗಾಗುತ್ತೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಯಾರೋ ಒಬ್ಬರು ಒರಿಜಿನಲ್ ಕನೆಕ್ಷನ್ ತಗೊಂಡು, ಬಾಕ್ಸ್‌ನಿಂದ ಬರುವ ಚಿತ್ರದ ಲಾಕ್ ಮುರಿದು, ತಮ್ಮ ಸರ್ವರ್‌ಗೆ ಹಾಕಿ ಸಾವಿರಾರು ಜನರಿಗೆ ಮಾರುತ್ತಾರೆ. ಚಾನೆಲ್‌ನವರು ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತು ಇಟ್ಟಿರುತ್ತಾರೆ, ಯಾವ ಕನೆಕ್ಷನ್‌ನಿಂದ ಸೋರುತ್ತಿದೆ ಅಂತ ಹುಡುಕಿ ಅದನ್ನು ಕಡಿಯುತ್ತಾರೆ. 2023ರ ವಿಶ್ವಕಪ್‌ಗೆ ಮುಂಚೆ ಸ್ಟಾರ್ ಚಾನೆಲ್‌ನವರು ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್, ಟೂರ್ನಿ ನಡೆಯುವಾಗ ಹೊಸದಾಗಿ ಹುಟ್ಟುವ ಕಳ್ಳ ಸೈಟ್‌ಗಳನ್ನೂ ಬ್ಲಾಕ್ ಮಾಡಿಸಬಹುದು ಅಂತ ಆದೇಶ ಕೊಟ್ಟಿತ್ತು. ಅಂದರೆ ದೊಡ್ಡ ಮ್ಯಾಚ್ ದಿನವೇ ಹುಡುಕಾಟ ಜಾಸ್ತಿ. ನಿಮಗೆ ಬೇಕೇ ಬೇಕು ಅನ್ನುವ ಹೊತ್ತಿಗೇ ಇದು ಕೈಕೊಡುವುದು.

ಚಾನೆಲ್‌ನವರಿಗೆ ನಷ್ಟ ಆದರೆ ನಮಗೇನು ಅಂತ ನಾನೂ ಅಂದುಕೊಂಡಿದ್ದೆ. 2023ರಿಂದ 27ರವರೆಗಿನ ಐಪಿಎಲ್ ಹಕ್ಕು 48,390 ಕೋಟಿಗೆ ಹೋಗಿದೆ, ಒಂದು ಮ್ಯಾಚ್‌ಗೆ 118 ಕೋಟಿ ಬಿತ್ತು. ಕೇಳಿದರೆ ನಮಗೆ ಸಂಬಂಧವೇ ಇಲ್ಲದ ಲೆಕ್ಕ ಅನಿಸುತ್ತೆ, ಅಲ್ವಾ? ಆದರೆ 2022ರ ಜೂನ್‌ನಲ್ಲಿ ಆ ಹರಾಜು ನಡೆಯುತ್ತಿದ್ದ ದಿನಗಳಲ್ಲೇ ಬಿಸಿಸಿಐ ಹಳೇ ಆಟಗಾರರ ಪೆನ್ಷನ್ ಏರಿಸಿತು. ತಿಂಗಳಿಗೆ 15,000 ಬರುತ್ತಿದ್ದ ಹಳೇ ಫಸ್ಟ್ ಕ್ಲಾಸ್ (ರಣಜಿ ಮಟ್ಟದ) ಆಟಗಾರರಿಗೆ 30,000 ಆಯಿತು. ಪ್ರಸಾರದ ದುಡ್ಡು ಇಂಥ ಕಡೆಗೂ ಹೋಗುತ್ತೆ. ಆ ದುಡ್ಡು ಬರದೇ ಹೋದರೆ ಏನಾಗುತ್ತೆ ಅನ್ನುವುದಕ್ಕೆ ಕತಾರ್‌ನ ಬಿಇನ್ ಚಾನೆಲ್ ನೋಡಿ. ಅವರ ಫೀಡನ್ನು, ಅಂದರೆ ಪ್ರಸಾರವನ್ನು, ಬಿಔಟ್‌ಕ್ಯೂ ಅನ್ನುವ ಕಳ್ಳ ಚಾನೆಲ್ ವರ್ಷಗಟ್ಟಲೆ ಕದ್ದು ತೋರಿಸಿತು, 2019ರಲ್ಲಿ ಬಿಇನ್ ಸುಮಾರು 300 ಜನರನ್ನು ಕೆಲಸದಿಂದ ತೆಗೆಯಿತು. ಕೆಲಸ ಹೋಗಿದ್ದು ಸಂಬಳಕ್ಕೆ ದುಡಿಯುವವರದ್ದು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಕನ್ನಡದ ವಿಷಯ. ಐಪಿಎಲ್‌ಗೆ 2018ರಿಂದ ಕನ್ನಡ ಕಾಮೆಂಟರಿ ಬರುತ್ತಿದೆ. ಅದಕ್ಕೆ ಬೇರೆ ಕಾಮೆಂಟೇಟರ್‌ಗಳು, ಬೇರೆ ಸ್ಟುಡಿಯೋ, ಬೇರೆ ಖರ್ಚು. ಕನ್ನಡದಲ್ಲಿ ಇಷ್ಟು ಜನ ನೋಡುತ್ತಾರೆ ಅಂತ ಲೆಕ್ಕ ತೋರಿಸಿದರೆ ತಾನೇ ಅದಕ್ಕೆ ಜಾಹೀರಾತು ಬರುವುದು? ನಮ್ಮ ಮನೆಯ ಐದು ಜನ ಆ ಇಡೀ ಸೀಸನ್ ಯಾರ ಲೆಕ್ಕಕ್ಕೂ ಸಿಗಲಿಲ್ಲ. 'ಕನ್ನಡ ಫೀಡ್ ಇನ್ನೂ ಚೆನ್ನಾಗಿರಬೇಕು' ಅಂತ ಜಗಳ ಆಡುವವನು ನಾನು, ನೋಡಿದ್ದು ಮಾತ್ರ ಕದ್ದ ಹಿಂದಿ ಫೀಡ್.

ಕಂಪನಿಗಳದ್ದೂ ತಪ್ಪಿದೆ, ಸುಮ್ನೆ ಬಿಡುವ ಹಾಗಿಲ್ಲ. ಐಪಿಎಲ್‌ಗೆ ಜಿಯೋಹಾಟ್‌ಸ್ಟಾರ್, ಚಾಂಪಿಯನ್ಸ್ ಲೀಗ್‌ಗೆ ಸೋನಿ ಲಿವ್, ಎಫ್1 ನೋಡಲು ಫ್ಯಾನ್‌ಕೋಡ್. ಎಲ್ಲಾ ನೋಡಬೇಕು ಅನ್ನುವವರು ಎಷ್ಟು ಕಡೆ ದುಡ್ಡು ಕಟ್ಟಬೇಕು? ಜನ ಅಂಗಡಿಯ 1,500ರ ಕಡೆ ತಿರುಗುವುದು ಇದಕ್ಕೇ. ಆದರೆ ಕ್ರಿಕೆಟ್ ಮಾತ್ರ ಸಾಕು ಅನ್ನುವವರಿಗೆ ಲೆಕ್ಕ ಬೇರೆ. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಶುರುವಾದಾಗ ಮೊಬೈಲ್ ಪ್ಲಾನ್ 3 ತಿಂಗಳಿಗೆ 149 ಇತ್ತು, ಟಿವಿಯಲ್ಲೂ ನೋಡುವ ಪ್ಲಾನ್ 299. ಒಂದು ಐಪಿಎಲ್ ಅದರೊಳಗೆ ಮುಗಿಯುತ್ತೆ. ವಿಶ್ವಕಪ್‌ನಲ್ಲಿ ಭಾರತದ ಮ್ಯಾಚ್‌ಗಳನ್ನಂತೂ 2007ರ ಕಾಯ್ದೆ ಪ್ರಕಾರ ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕು, ಡಿಡಿ ಫ್ರೀ ಡಿಶ್ ಇದ್ದರೆ ಬಿಟ್ಟಿ.

ಫೈನಲ್ ಆದ ಮೂರನೇ ವಾರಕ್ಕೆ ಲಾಗಿನ್ ಆಗುವುದೇ ನಿಂತಿತು. ಅಂಗಡಿಯವರು 'ಮೇಲಿನವರು ಫೋನ್ ಎತ್ತುತ್ತಿಲ್ಲ' ಅಂದರು. ಒಂಬತ್ತು ತಿಂಗಳ ದುಡ್ಡು ಹೋಯಿತು, ಬಿಲ್ ಇಲ್ಲದ್ದಕ್ಕೆ ಎಲ್ಲೂ ಕೇಳುವ ಹಾಗೂ ಇಲ್ಲ.

ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಆಪ್‌ಗೆ ಏನೇನು ಪರ್ಮಿಷನ್ ಕೊಟ್ಟಿದ್ದೀರಿ ನೋಡಿ. ನನ್ನದರಲ್ಲಿ ಎಸ್‌ಎಂಎಸ್ ಮತ್ತು ಕಾಂಟ್ಯಾಕ್ಟ್ಸ್ ಎರಡೂ ಆನ್ ಇತ್ತು. ಬ್ಯಾಂಕಿನ ಒಟಿಪಿ ಬರುವುದು ಅದೇ ಎಸ್‌ಎಂಎಸ್‌ಗೆ. ಮೊದಲು ಪರ್ಮಿಷನ್ ತೆಗೆಯಿರಿ, ಆಮೇಲೆ ಆಪ್ ತೆಗೆಯಿರಿ, ಯುಪಿಐನಲ್ಲಿ ಆಟೋಪೇ ಏನಾದರೂ ಕೂತಿದೆಯಾ ನೋಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.